ಎರಡೂ ಕಡೆಯ ಪ್ರಾರ್ಥನೆ: ಮಿಕಿ ಹಾರ್ಟ್ ಅವರ ಆಟ, ಪಾಠ ಮತ್ತು ನಂಬಿಕೆ

ಮಿಕಿ ಹಾರ್ಟ್ ಉತ್ತರ ಐರ್ಲೆಂಡಿನ ಟಿರೋನ್ ಕೌಂಟಿಯವರು. ಗೇಲಿಕ್ ಫುಟ್‌ಬಾಲ್ ಆಡಿದವರು, ಬ್ಯಾಲಿಗಾಲಿಯ ಸಂತ ಕಿಯರನ್ ಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟರಾಗಿದ್ದವರು, ಮುಂದೆ ಟಿರೋನ್ ತಂಡದ ಮ್ಯಾನೇಜರ್ ಆಗಿ 2003, 2005 ಮತ್ತು 2008ರಲ್ಲಿ ಅಖಿಲ ಐರ್ಲೆಂಡ್ ಪಟ್ಟ ಗೆದ್ದುಕೊಟ್ಟವರು. ಅದಕ್ಕೆ ಮುಂಚೆ ಆ ಕೌಂಟಿ ಒಮ್ಮೆಯೂ ಆ ಪಟ್ಟ ಕಂಡಿರಲಿಲ್ಲ. ಹಾರ್ಟ್ ಶ್ರದ್ಧಾವಂತ ಕಥೋಲಿಕರು. ಬಲಿಪೂಜೆ, ಜಪಸರ ಅವರ ಬದುಕಿನ ಭಾಗ, ಮದ್ಯ ಮುಟ್ಟುವವರಲ್ಲ, ನಂಬಿಕೆಯ ಮಾತನ್ನು ಪತ್ರಕರ್ತರ ಮುಂದೆಯೂ ಮುಚ್ಚಿಟ್ಟವರಲ್ಲ. 2003ರ ಗೆಲುವಿನ ಬೆನ್ನಿಗೇ ಬಂದ ಅವರ ಡೈರಿಯ ಶೀರ್ಷಿಕೆಯಲ್ಲಿ ಸ್ವರ್ಗದ ಬಾಗಿಲಿನ ಮಾತಿದೆ. 2021ರ ಆತ್ಮಕಥನದ ಹೆಸರು ‘ಡಿವೋಷನ್’. ಇಂಥವರ ಆಟದ ಬದುಕು ಧರ್ಮಚಿಂತನೆಯ ಹಳೆಯ ಪ್ರಶ್ನೆಯೊಂದನ್ನು ಮತ್ತೆ ಎದುರಿಗಿಡುತ್ತದೆ. ಪಂದ್ಯಕ್ಕೆ ಮುಂಚೆ ಮಾಡುವ ಪ್ರಾರ್ಥನೆ ಏನನ್ನು ಕೇಳುತ್ತದೆ? ಗೆಲುವನ್ನೇ ಕೇಳುವುದಾದರೆ, ಎದುರಾಳಿಗಳೂ ಅದೇ ದೇವರಲ್ಲಿ ಅದನ್ನೇ ಕೇಳಿರುವಾಗ ಆ ಬೇಡಿಕೆಗೆ ಅರ್ಥವೇನು?

ಐರ್ಲೆಂಡಿನಲ್ಲಿ ಈ ಪ್ರಶ್ನೆಗೆ ಬೇರೆಡೆಗಿಂತ ಹೆಚ್ಚಿನ ಬಿಸಿ ಇದೆ, ಏಕೆಂದರೆ ಅಲ್ಲಿ ಆಟವೂ ಚರ್ಚೂ ಅಕ್ಕಪಕ್ಕದಲ್ಲೇ ಬೆಳೆದವು. 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದಾಗ ಅದರ ಪೋಷಕರಾಗಲು ಒಪ್ಪಿದವರಲ್ಲಿ ಕ್ಯಾಶೆಲ್‌ನ ಮಹಾಧರ್ಮಾಧ್ಯಕ್ಷ ಥಾಮಸ್ ಕ್ರೋಕ್ ಒಬ್ಬರು. ಡಬ್ಲಿನ್ನಿನ ದೊಡ್ಡ ಕ್ರೀಡಾಂಗಣ ಕ್ರೋಕ್ ಪಾರ್ಕ್‌ಗೆ ಅವರದೇ ಹೆಸರು. ಹಳ್ಳಿಗಾಡಿನಲ್ಲಿ ಒಂದು ಕ್ಲಬ್ಬಿನ ವ್ಯಾಪ್ತಿ ಎಂದರೆ ಸಾಮಾನ್ಯವಾಗಿ ಒಂದು ಧರ್ಮಕೇಂದ್ರದ ವ್ಯಾಪ್ತಿ. ಭಾನುವಾರ ಬೆಳಿಗ್ಗೆ ಒಂದೇ ಪೀಠದ ಮುಂದೆ ಮಂಡಿಯೂರಿದವರು ಮಧ್ಯಾಹ್ನ ಒಂದೇ ಬಣ್ಣದ ಅಂಗಿ ತೊಟ್ಟು ಮೈದಾನಕ್ಕಿಳಿಯುತ್ತಿದ್ದರು. ದೊಡ್ಡ ಪಂದ್ಯಗಳಲ್ಲಿ ಧರ್ಮಾಧ್ಯಕ್ಷರೇ ಚೆಂಡು ಎಸೆದು ಆಟ ಶುರುಮಾಡುವ, ನಾಯಕರು ಅವರ ಉಂಗುರಕ್ಕೆ ಮುತ್ತಿಡುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ನಡೆದಿತ್ತು.

ಗೆದ್ದ ತಂಡಕ್ಕೆ ಸಿಗುವ ಸ್ಯಾಮ್ ಮಗೈರ್ ಬಟ್ಟಲಿನಲ್ಲೂ ಈ ನಂಟು ಕಾಣುತ್ತದೆ. 1928ರಲ್ಲಿ ಮಾಡಿಸಿದ ಆ ಬೆಳ್ಳಿಯ ಬಟ್ಟಲಿಗೆ ಮಾದರಿ ಆರ್ಡಾ ಪಾನಪಾತ್ರೆ. ಅದು ಎಂಟನೆಯ ಶತಮಾನದ್ದೆಂದು ಗುರುತಿಸಲಾಗಿರುವ, ಬಲಿಪೂಜೆಯಲ್ಲಿ ದ್ರಾಕ್ಷಾರಸ ತುಂಬುತ್ತಿದ್ದ ಪಾತ್ರೆ. 1868ರಲ್ಲಿ ಲಿಮೆರಿಕ್ ಕೌಂಟಿಯ ನೆಲದಡಿ ಸಿಕ್ಕಿತು. ಎಂದರೆ ಗೆದ್ದ ತಂಡದ ನಾಯಕ ಪ್ರತಿ ವರ್ಷ ತಲೆಯ ಮೇಲೆ ಎತ್ತಿ ಹಿಡಿಯುವುದು ಪೂಜಾಪಾತ್ರೆಯ ಆಕಾರವನ್ನೇ. ಆದರೆ ಬಟ್ಟಲಿಗೆ ಹೆಸರು ಕೊಟ್ಟ ಸ್ಯಾಮ್ ಮಗೈರ್ ಕಥೋಲಿಕರಲ್ಲ, ಕಾರ್ಕ್ ಕೌಂಟಿಯ ಡನ್‌ಮ್ಯಾನ್‌ವೇ ಊರಿನ ಪ್ರಾಟೆಸ್ಟಂಟ್. ಈ ಆಟ ಒಂದೇ ಧರ್ಮದ ಆಸ್ತಿ ಎಂದುಕೊಳ್ಳುವವರು ಈ ಸಂಗತಿಯನ್ನು ಮರೆಯಬಾರದು.

ಆಟದ ರೀತಿಯನ್ನು ಚುಟುಕಾಗಿ ಹೇಳಬಹುದು. ಒಂದೊಂದು ಕಡೆ 15 ಮಂದಿ, ಕೈಯನ್ನೂ ಕಾಲನ್ನೂ ಬಳಸಿ ಚೆಂಡು ಸಾಗಿಸುತ್ತಾರೆ. ಚೆಂಡು ಬಲೆಗೆ ಬಿದ್ದರೆ ಗೋಲು, ಅದಕ್ಕೆ 3 ಅಂಕ. ಎತ್ತರದ ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ದಾಟಿದರೆ 1 ಅಂಕ, 2025ರಿಂದ ದೂರದ ಹೊಡೆತಕ್ಕೆ 2. ಆಟಗಾರರಿಗೆ ಸಂಬಳವಿಲ್ಲ. ರಾಷ್ಟ್ರಮಟ್ಟದ ಫೈನಲ್ ಆಡಿದವರೂ ಸೋಮವಾರ ಕೆಲಸಕ್ಕೆ ಹೋಗಬೇಕು. ಶಾಲೆಯ ಕೆಲಸದಲ್ಲಿ ಸಂಜೆಯೂ ಬೇಸಿಗೆಯೂ ಬಿಡುವು ಸಿಗುವುದರಿಂದ ಈ ಆಟದಲ್ಲಿ ಮೇಷ್ಟರುಗಳ ಸಂಖ್ಯೆ ಮೊದಲಿನಿಂದಲೂ ದೊಡ್ಡದು.

ಆಟಗಾರನಾಗಿ ಹಾರ್ಟ್‌ಗೆ ದೊಡ್ಡ ಬಹುಮಾನಗಳು ಸಿಗಲಿಲ್ಲ. 1972ರಲ್ಲಿ ಟಿರೋನ್‌ನ ಮೈನರ್ ತಂಡ, ಅಂದರೆ 18 ವರ್ಷದೊಳಗಿನ ಹುಡುಗರ ತಂಡ, ಅಖಿಲ ಐರ್ಲೆಂಡ್ ಫೈನಲ್‌ವರೆಗೆ ಹೋಗಿ ಕಾರ್ಕ್‌ಗೆ ಸೋತಿತು. ಆ ತಂಡದಲ್ಲಿ ಅವರಿದ್ದರು. 1975ರಿಂದ 1982ರವರೆಗೆ ಹಿರಿಯರ ತಂಡಕ್ಕೆ ಆಡಿದರು. ಆ ಅವಧಿಯಲ್ಲಿ ಟಿರೋನ್ ಅಲ್ಸ್ಟರ್ ಪ್ರಾಂತ್ಯದ ಪಟ್ಟವನ್ನೂ ಗೆಲ್ಲಲಿಲ್ಲ. ಆಮೇಲೆ ಅವರ ಆಟಕ್ಕೆ ಅಡ್ಡ ಬಂದದ್ದು ಊರಿನ ಜಗಳ. ಬ್ಯಾಲಿಗಾಲಿಯ ಧರ್ಮಕೇಂದ್ರಕ್ಕೇ ಸೇರಿದ ಗ್ಲೆನ್‌ಕಲ್ ಭಾಗದವರು ಮೂಲ ಕ್ಲಬ್ಬಿನಿಂದ ಒಡೆದು ಬೇರೆಯಾದರು. ಹೊಸ ತಂಡಕ್ಕೆ ಅಧಿಕೃತ ಮಾನ್ಯತೆ ಸಿಗಲಿಲ್ಲ, ಹಳೆಯ ಮನೆಗೆ ಮರಳಲು ಮನಸ್ಸಿರಲಿಲ್ಲ. ವರ್ಷಗಳೇ ಕಳೆದವು. ಗ್ಲೆನ್‌ಕಲ್ ಕಡೆಯವರಾದ ಹಾರ್ಟ್‌ರ ಮಾಗಿದ ವರ್ಷಗಳು ಹೀಗೆ ಮೈದಾನದ ಹೊರಗೇ ಕಳೆದುಹೋದವು. ಕೊನೆಗೆ 1990ರಲ್ಲಿ ಎರಡೂ ಕಡೆಯವರು ರಾಜಿಯಾಗಿ ಎರಿಗಲ್ ಕಿಯರನ್ ಎಂಬ ಒಂದೇ ಕ್ಲಬ್ ಕಟ್ಟಿದರು. ಮೂರೇ ವರ್ಷದಲ್ಲಿ, 1993ರಲ್ಲಿ, ಆ ಕ್ಲಬ್ ಅಲ್ಸ್ಟರ್ ಪ್ರಾಂತ್ಯದ ಕ್ಲಬ್ ಪಟ್ಟ ಗೆದ್ದಿತು. ಟಿರೋನ್‌ನ ಯಾವ ಕ್ಲಬ್ಬೂ ಅದುವರೆಗೆ ಅದನ್ನು ಮುಟ್ಟಿರಲಿಲ್ಲ.

ಈ ಜಗಳವನ್ನು ಹಾರ್ಟ್‌ರ ವೃತ್ತಾಂತಗಳಲ್ಲಿ ಸಾಮಾನ್ಯವಾಗಿ ಒಂದು ಅಡಿಟಿಪ್ಪಣಿಯಂತೆ ದಾಟಿಬಿಡುತ್ತಾರೆ. ಧರ್ಮದ ಕಣ್ಣಿನಿಂದ ನೋಡಿದರೆ ಅದು ಮುಖ್ಯ ಅಧ್ಯಾಯ. ಒಂದೇ ಚರ್ಚಿಗೆ ಹೋಗುವ, ಒಂದೇ ಪರಮಪ್ರಸಾದ ಸ್ವೀಕರಿಸುವ ಜನ ಚೆಂಡಿನ ವಿಷಯಕ್ಕೆ ವರ್ಷಗಟ್ಟಲೆ ಬೇರೆಬೇರೆಯಾಗಿ ಉಳಿದರು. ಪ್ರಾರ್ಥನೆ ತನ್ನಿಂದ ತಾನೇ ಜನರನ್ನು ಕೂಡಿಸುವುದಿಲ್ಲ. ಯಾರೋ ಎದ್ದು ಹೋಗಿ ಎದುರಿನವರ ಬಾಗಿಲು ತಟ್ಟಬೇಕು.

ಇನ್ನು ಮೂಲ ಪ್ರಶ್ನೆಗೆ ಬರಬಹುದು. 2003ರ ಸೆಪ್ಟೆಂಬರ್ 28ರಂದು ಕ್ರೋಕ್ ಪಾರ್ಕ್‌ನಲ್ಲಿ ಟಿರೋನ್‌ಗೆ ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್ ಆರ್ಮಾ. ಅಖಿಲ ಐರ್ಲೆಂಡ್ ಫೈನಲ್ ಒಂದೇ ಪ್ರಾಂತ್ಯದ ಎರಡು ಕೌಂಟಿಗಳ ನಡುವೆ ನಡೆದದ್ದು ಅದೇ ಮೊದಲು. ನಂಟು ಪ್ರಾಂತ್ಯಕ್ಕೇ ಮುಗಿಯುವುದಿಲ್ಲ. ಟಿರೋನ್‌ನ ದೊಡ್ಡ ಭಾಗ, ಹಾರ್ಟ್‌ರ ಸ್ವಂತ ಧರ್ಮಕೇಂದ್ರವೂ ಸೇರಿ, ಚರ್ಚಿನ ಲೆಕ್ಕದಲ್ಲಿ ಆರ್ಮಾ ಮಹಾಧರ್ಮಪ್ರಾಂತ್ಯಕ್ಕೇ ಸೇರಿದೆ. ಅಂದು ಬೆಳಿಗ್ಗೆ ಒಬ್ಬರೇ ಮಹಾಧರ್ಮಾಧ್ಯಕ್ಷರ ಅಧೀನದ ಚರ್ಚುಗಳಲ್ಲಿ, ಒಂದೇ ಪಠ್ಯದ ಬಲಿಪೂಜೆಯಲ್ಲಿ, ಎರಡು ವಿರುದ್ಧ ಫಲಗಳಿಗಾಗಿ ಮೇಣದಬತ್ತಿಗಳು ಉರಿದಿರಬೇಕು. ಯುದ್ಧದಲ್ಲಿ ಇಬ್ಬರೂ ದೇವರನ್ನು ಕರೆಯುವ ಸಂಕಟವನ್ನು ಚಿಂತಕರು ಹಿಂದಿನಿಂದಲೂ ಚರ್ಚಿಸಿದ್ದಾರೆ. ಯುದ್ಧದಲ್ಲಾದರೆ ನ್ಯಾಯ ಯಾರ ಕಡೆ ಎಂದು ಕೇಳಬಹುದು. ಫೈನಲ್‌ನಲ್ಲಿ ಆ ಪ್ರಶ್ನೆಯೂ ಇಲ್ಲ. ಆರ್ಮಾ ಗೆದ್ದರೆ ಅನ್ಯಾಯವಾಗುತ್ತಿರಲಿಲ್ಲ, ಟಿರೋನ್ ಗೆದ್ದದ್ದು ಧರ್ಮದ ಜಯವೂ ಅಲ್ಲ.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಪ್ರಾರ್ಥನೆಯ ಬಗ್ಗೆ ಕೊಟ್ಟ ಉತ್ತರ ಕಥೋಲಿಕ ಚಿಂತನೆಯಲ್ಲಿ ಇಂದಿಗೂ ತಳಹದಿ. ಪ್ರಾರ್ಥನೆ ದೇವರ ಮನಸ್ಸು ಬದಲಿಸುವ ಯತ್ನವಲ್ಲ ಎನ್ನುತ್ತಾನೆ ಆತ. ದೇವಸಂಕಲ್ಪದಲ್ಲಿ ಕೆಲವು ಸಂಗತಿಗಳು ಮನುಷ್ಯರು ಬೇಡುವುದರ ಮೂಲಕವೇ ಆಗಬೇಕೆಂದಿವೆ; ಬೀಜ ಬಿತ್ತುವುದು ಬೆಳೆಗೆ ಕಾರಣವಾದಂತೆ ಬೇಡುವುದೂ ಒಂದು ಕಾರಣ. ಈ ವಾದ ಬೇಡಿಕೆಗೆ ಜಾಗ ಕೊಡುತ್ತದೆ, ದೇವರನ್ನು ಓಲೈಸಬಹುದಾದ ದೊರೆಯ ಮಟ್ಟಕ್ಕೆ ಇಳಿಸುವುದಿಲ್ಲ. ಇಬ್ಬರು ವಿರುದ್ಧವಾಗಿ ಬೇಡಿದಾಗ ಏನು ಎಂಬುದನ್ನು ಮಾತ್ರ ಅದು ಬಿಡಿಸುವುದಿಲ್ಲ. ವೇಲ್ಸಿನ ತತ್ವಜ್ಞಾನಿ ಡಿ. ಝಡ್. ಫಿಲಿಪ್ಸ್ 1965ರ ತನ್ನ ಪುಸ್ತಕದಲ್ಲಿ ಬೇರೆ ದಾರಿ ಹಿಡಿದ. ಆತನ ಪ್ರಕಾರ ನಿಜವಾದ ಬೇಡಿಕೆಯಲ್ಲಿ ಭಕ್ತ ತನ್ನ ಆಸೆಯನ್ನು ದೇವರೆದುರು ತೆರೆದಿಟ್ಟು, ಅದು ಕೈಗೂಡದಿದ್ದರೂ ತಾನು ಕುಸಿಯದಿರುವ ಬಲವನ್ನು ಅರಸುತ್ತಾನೆ. ಫಲ ತರಿಸುವ ತಂತ್ರವೆಂದು ಪ್ರಾರ್ಥನೆಯನ್ನು ಬಳಸುವುದು ಮೂಢನಂಬಿಕೆಯ ಕಡೆಗೆ ಜಾರಿದಂತೆ. ಈ ನಿಲುವು ಎರಡೂ ಕಡೆಯ ಪ್ರಾರ್ಥನೆಯ ಬಿಕ್ಕಟ್ಟನ್ನು ಕರಗಿಸುತ್ತದೆ. ಆದರೂ ಅದರಲ್ಲಿ ಏನೋ ಕೈತಪ್ಪಿಹೋಗುತ್ತದೆ. ಮೇಣದಬತ್ತಿ ಹಚ್ಚುವ ಟಿರೋನ್‌ನ ಅಜ್ಜಿ ನಿಜಕ್ಕೂ ಗೆಲುವನ್ನೇ ಕೇಳುತ್ತಿದ್ದಾಳೆ. ಅವಳ ಮಾತನ್ನು ಅವಳಿಗಿಂತ ಚೆನ್ನಾಗಿ ಬಲ್ಲೆವೆಂದು ತಿದ್ದುವುದು ಸರಿಯಲ್ಲ. ಮಗು ತಾಯಿಯ ಮುಂದೆ ಎಲ್ಲ ಆಸೆಗಳನ್ನೂ ಹೇಳಿಕೊಳ್ಳುವಂತೆ ಅವಳು ಹೇಳಿಕೊಳ್ಳುತ್ತಾಳೆ; ಹೇಳಿಕೊಳ್ಳುವ ಆ ಸಲುಗೆಯೇ ಅಲ್ಲಿ ದೊಡ್ಡದು.

ಹಾರ್ಟ್‌ರಂಥ ಮೇಷ್ಟರ ಬದುಕಿಗೆ ಹೆಚ್ಚು ಹತ್ತಿರ ಬರುವ ಉತ್ತರ ಮತ್ತೊಬ್ಬ ಶಿಕ್ಷಕಿಯಿಂದ ಸಿಗುತ್ತದೆ. ಫ್ರಾನ್ಸಿನ ಸಿಮೋನ್ ವೇಯ್ ಹುಟ್ಟಿನಿಂದ ಯೆಹೂದಿ, ಪ್ರೌಢಶಾಲೆಗಳಲ್ಲಿ ತತ್ವಶಾಸ್ತ್ರ ಕಲಿಸಿದವಳು, ಕ್ರಿಸ್ತನನ್ನು ಪ್ರೀತಿಸಿಯೂ ಚರ್ಚಿನ ಹೊಸ್ತಿಲಾಚೆಯೇ ಬಹುಕಾಲ ನಿಂತವಳು. 1942ರಲ್ಲಿ ಆಕೆ ಪರಿಚಯದ ಡೊಮಿನಿಕನ್ ಗುರುಗಳಿಗಾಗಿ ಶಾಲಾ ಓದು ಮತ್ತು ದೈವಪ್ರೀತಿಯ ಸಂಬಂಧದ ಮೇಲೊಂದು ಪ್ರಬಂಧ ಬರೆದಳು. ಅದರ ಎಳೆ ಸರಳ. ಪ್ರಾರ್ಥನೆ ಎಂದರೆ ದೇವರ ಕಡೆಗೆ ತಿರುಗಿದ ಅಖಂಡ ಗಮನ. ಗಮನ ಕೊಡುವ ಶಕ್ತಿ ಅಭ್ಯಾಸದಿಂದ ಬೆಳೆಯುತ್ತದೆ. ಆದ್ದರಿಂದ ರೇಖಾಗಣಿತದ ಒಂದು ಲೆಕ್ಕದ ಮುಂದೆ ನಿಜವಾದ ಗಮನದಿಂದ ಕೂತ ಹುಡುಗನಿಗೆ ಉತ್ತರ ಸಿಗದೇ ಹೋದರೂ ಆ ಹೊತ್ತು ವ್ಯರ್ಥವಾಗುವುದಿಲ್ಲ. ಅದು ಕಾಣದ ಇನ್ನೊಂದು ಕಡೆ ಬೆಳಕಾಗಿ ಸೇರುತ್ತದೆ, ಎಂದೋ ಒಂದು ದಿನ ಪ್ರಾರ್ಥನೆಯಲ್ಲಿ ಒದಗಿಬರುತ್ತದೆ. ಹುಬ್ಬು ಗಂಟಿಕ್ಕಿ ಉಸಿರು ಬಿಗಿಹಿಡಿದು ಒದ್ದಾಡುವುದನ್ನು ಗಮನವೆಂದು ತಪ್ಪು ತಿಳಿಯಬಾರದೆಂದೂ ಆಕೆ ಎಚ್ಚರಿಸುತ್ತಾಳೆ. ಅದರಿಂದ ಸ್ನಾಯುಗಳಷ್ಟೇ ದಣಿಯುತ್ತವೆ.

ಆಟ ಸ್ನಾಯುಗಳದ್ದೇ ಕೆಲಸವಲ್ಲವೇ ಎಂದು ಆಕ್ಷೇಪಿಸಬಹುದು. ಒಂದು ಮಟ್ಟಿಗೆ ಅದು ನಿಜ. ಆದರೆ ತರಬೇತಿ ಎಂದು ಮೇಷ್ಟರು ಕಲಿಸುವುದರಲ್ಲಿ ಓಟ ಒಂದು ಪಾಲು, ನೋಟ ಇನ್ನೊಂದು ಪಾಲು: ಚೆಂಡು ಇಲ್ಲದವನು ಎಲ್ಲಿ ನಿಂತಿದ್ದಾನೆ, ಜೊತೆಗಾರ ಯಾವಾಗ ದಣಿದ, ಎದುರಾಳಿಯ ಭುಜ ಯಾವ ಕಡೆ ತಿರುಗಿತು. 2003ರ ಫೈನಲ್‌ನ ಕೊನೆಯ ನಿಮಿಷಗಳಲ್ಲಿ ಆರ್ಮಾದ ಸ್ಟೀವನ್ ಮೆಕ್‌ಡೊನೆಲ್ ಗೋಲಿನೆದುರು ಕಾಲೆತ್ತಿದಾಗ ಟಿರೋನ್‌ನ ಕಾನರ್ ಗೋರ್ಮ್ಲಿ ಎಲ್ಲಿಂದಲೋ ಹಾರಿ ಬಂದು ಚೆಂಡಿಗೆ ಮೈಯೊಡ್ಡಿದರು. ಟಿರೋನ್‌ಗೆ 12, ಆರ್ಮಾಗೆ 9. ಎರಡೂ ಕಡೆ ಒಂದೂ ಗೋಲಿಲ್ಲದ ಪಂದ್ಯ. ಆ ಒಂದು ಹೊಡೆತ ಒಳಗೆ ಹೋಗಿದ್ದರೆ ಕಥೆಯೇ ಬೇರೆಯಾಗಬಹುದಿತ್ತು. ಅದನ್ನು ಪವಾಡವೆಂದವರಿದ್ದಾರೆ. ವೇಯ್‌ಳ ದೃಷ್ಟಿಯಲ್ಲಿ ನೋಡಿದರೆ ಅದು ವರ್ಷಗಟ್ಟಲೆ ರೂಢಿಸಿಕೊಂಡ ಗಮನ. ಮತ್ತು ಅವರು ಅಂದು ಅರೆಕ್ಷಣ ತಡವಾಗಿ ಬಂದಿದ್ದರೂ ಆ ಗಮನದ ಬೆಲೆ ಕಡಿಮೆಯಾಗುತ್ತಿರಲಿಲ್ಲ. 2009ರಲ್ಲಿ ಬಂದ ಹಾರ್ಟ್‌ರ ಪುಸ್ತಕದ ಹೆಸರು, ಇರುವಿಕೆಯೊಂದೇ ಮುಖ್ಯ ಎಂಬ ಅರ್ಥದ ‘ಪ್ರೆಸೆನ್ಸ್ ಈಸ್ ದಿ ಓನ್ಲಿ ಥಿಂಗ್’. ವೇಯ್‌ಗೂ ಆ ಶೀರ್ಷಿಕೆಗೂ ಯಾವ ಲಿಖಿತ ಸಂಬಂಧವೂ ಬೇಕಿಲ್ಲ. ತರಗತಿಯಲ್ಲೂ ಮೈದಾನದ ಅಂಚಿನಲ್ಲೂ ಬಹುಕಾಲ ನಿಂತವರಿಗೆ ಈ ತಿಳಿವು ಕೆಲಸದಿಂದಲೇ ಬರಬಲ್ಲದು.

ಪಾಠ ಶುರುವಾದದ್ದು ಬಹಳ ಹಿಂದೆ. 1991ರಲ್ಲಿ ಹಾರ್ಟ್ ಟಿರೋನ್ ಮೈನರ್ ತಂಡದ ಹೊಣೆ ಹೊತ್ತರು. ಹಗಲು ಶಾಲೆ, ಸಂಜೆ ಅದೇ ವಯಸ್ಸಿನ ಹುಡುಗರ ತರಬೇತಿ. ಏಳು ವರ್ಷ ದೊಡ್ಡ ಪಟ್ಟ ಬರಲಿಲ್ಲ. 1997ರ ಜೂನ್‌ನಲ್ಲಿ ಓಮಾ ಪಟ್ಟಣದಲ್ಲಿ ಆರ್ಮಾ ವಿರುದ್ಧದ ಪಂದ್ಯದಲ್ಲಿ ತಂಡದ ಹುಡುಗನೊಬ್ಬ ಗೋಲು ಗಳಿಸುವ ಕ್ಷಣದಲ್ಲೇ ಡಿಕ್ಕಿಯಾಗಿ ಗಾಯಗೊಂಡು ತೀರಿಕೊಂಡ. ಜೊತೆಗಾರರಿಗೂ ಹದಿನೇಳು ಹದಿನೆಂಟರ ಪ್ರಾಯ. ಸಾವಿನ ಬಗ್ಗೆ ಶಾಲೆಯ ಯಾವ ಪಠ್ಯವೂ ಅವರನ್ನು ಸಿದ್ಧಗೊಳಿಸಿರಲಿಲ್ಲ. ಆ ತಂಡ ಆ ವರ್ಷದ ಫೈನಲ್‌ವರೆಗೆ ಹೋಗಿ ಲೀಶ್ ಕೌಂಟಿಗೆ ಸೋತಿತು. ಮರುವರ್ಷ ಆಗಸ್ಟ್ 15ರಂದು ಅದೇ ಓಮಾದ ಪೇಟೆಯಲ್ಲಿ ಬಾಂಬ್ ಸಿಡಿದು 29 ಜನ ಸತ್ತರು. ಶಾಂತಿ ಒಪ್ಪಂದಕ್ಕೆ ಸಹಿಬಿದ್ದು ನಾಲ್ಕು ತಿಂಗಳಷ್ಟೇ ಆಗಿತ್ತು. ಮುಂದಿನ ತಿಂಗಳು ಟಿರೋನ್ ಹುಡುಗರು ಲೀಶ್ ತಂಡವನ್ನೇ ಸೋಲಿಸಿ ಮೈನರ್ ಪಟ್ಟ ತಂದರು. ನಾಯಕನ ಹೆಸರು ಕಾರ್ಮಾಕ್ ಮೆಕಾನಲನ್.

ಗೆಲುವು ಸತ್ತವನಿಗೆ ಅರ್ಪಣೆಯಾಗಬಹುದು. ಸಾವಿಗೆ ಪರಿಹಾರವಾಗಲಾರದು. ಈ ವ್ಯತ್ಯಾಸವನ್ನು ಕ್ರೀಡಾವರದಿಗಳು ಸುಲಭವಾಗಿ ಅಳಿಸಿಹಾಕುತ್ತವೆ: ಮೊದಲು ದುರಂತ, ಆಮೇಲೆ ಪಟ್ಟ, ನಡುವೆ ವಿಧಿಯ ನ್ಯಾಯವೆಂಬ ಒಂದು ದಾರ. ಆ ಹುಡುಗನ ಮನೆಯವರಿಗೆ ಅಂಥ ದಾರ ಯಾವುದೂ ಇಲ್ಲ. ಧರ್ಮಚಿಂತನೆ ಪ್ರಾಮಾಣಿಕವಾಗಿರಬೇಕಾದರೆ ಮೊದಲು ಬಿಡಬೇಕಾದದ್ದು ಈ ಕಥನವನ್ನೇ.

2000 ಮತ್ತು 2001ರಲ್ಲಿ 21 ವರ್ಷದೊಳಗಿನವರ ಪಟ್ಟಗಳು ಬಂದವು. 2002ರಲ್ಲಿ ಎರಿಗಲ್ ಕಿಯರನ್ ಹಾರ್ಟ್‌ರ ಕೈಕೆಳಗೆ ಮತ್ತೆ ಅಲ್ಸ್ಟರ್ ಗೆದ್ದಿತು. ಅದೇ ವರ್ಷದ ಕೊನೆಗೆ ಅವರು ಹಿರಿಯರ ತಂಡದ ಮ್ಯಾನೇಜರ್ ಆದರು. ತಂಡದಲ್ಲಿ ಅವರೇ ಬೆಳೆಸಿದ ಹುಡುಗರು ಹಲವರು. ಜೊತೆಗೆ ನಾಯಕ ಪೀಟರ್ ಕ್ಯಾನವನ್‌ರಂಥ ಅನುಭವಿ, ಆತನೂ ಮೇಷ್ಟರೇ. ಮೊದಲ ವರ್ಷವೇ ಪಟ್ಟ ಬಂತು, ಜೊತೆಗೆ ಟೀಕೆಯೂ ಬಂತು. ಸೆಮಿಫೈನಲ್‌ನಲ್ಲಿ ಕೆರ‍್ರಿ ಕೌಂಟಿಯ ಆಟಗಾರ ಚೆಂಡು ಹಿಡಿದ ಕಡೆಯಲ್ಲೆಲ್ಲ ಟಿರೋನ್‌ನ ಮೂರು ನಾಲ್ಕು ಮಂದಿ ಮುತ್ತಿಕೊಂಡದ್ದನ್ನು ಕಂಡು ಕೆರ‍್ರಿಯ ಹಳೆಯ ವೀರ ಪ್ಯಾಟ್ ಸ್ಪಿಲೇನ್ ಟಿವಿಯಲ್ಲಿ ಅದು ವಾಕರಿಕೆ ಬರಿಸುವ ಫುಟ್‌ಬಾಲ್ ಎಂದುಬಿಟ್ಟರು. ಸ್ಪಿಲೇನ್ ಕೂಡ ಶಾಲಾ ಮೇಷ್ಟರು. ಅವರ ಮಾತಿನ ಹಿಂದೆ ಒಂದು ಗಂಭೀರ ಪ್ರಶ್ನೆ ಇದೆ: ಆಟದ ಸೊಗಸನ್ನು ಕೆಡಿಸಿ ಗೆದ್ದ ಗೆಲುವು ಒಳ್ಳೆಯದೇ? ಅಕ್ವಿನಾಸ್ ಆಟವನ್ನು ಮನಸ್ಸಿನ ವಿಶ್ರಾಂತಿ ಎಂದು ಒಪ್ಪಿದವನು, ವಿನೋದವೇ ಇಲ್ಲದ ಬದುಕನ್ನು ದೋಷವೆಂದವನು. ಸಂತೋಷ ಕಳೆದುಕೊಂಡ ಆಟವನ್ನು ಅವನು ಮೆಚ್ಚುತ್ತಿರಲಿಲ್ಲ. ಟಿರೋನ್ ಪರವಾಗಿ ಹೇಳಬೇಕಾದದ್ದೂ ಇದೆ. ಒಬ್ಬನಿಗಾಗಿ ನಾಲ್ವರು ಓಡಿಬರುವ ಆಟದಲ್ಲಿ ಬೇರೊಂದು ಬಗೆಯ ಚೆಲುವಿದೆ, ಮತ್ತು 2005ರಲ್ಲಿ ಅದೇ ಕೆರ‍್ರಿಯನ್ನು ಫೈನಲ್‌ನಲ್ಲಿ ಮಣಿಸಿದ ಟಿರೋನ್ ತಂಡದ ದಾಳಿಯಾಟವನ್ನು ಟೀಕಾಕಾರರೂ ಕೊಂಡಾಡಿದರು.

ಆ ಎರಡು ಪಟ್ಟಗಳ ನಡುವೆ ಇನ್ನೊಂದು ಸಾವು. 2003ರಲ್ಲಿ ಹಾರ್ಟ್ ಮಿಡ್‌ಫೀಲ್ಡಿನಿಂದ ರಕ್ಷಣಾ ಸಾಲಿಗೆ ಸರಿಸಿದ್ದ ಮೆಕಾನಲನ್ 2004ರ ಆರಂಭದಲ್ಲಿ ಹಿರಿಯರ ತಂಡದ ನಾಯಕರಾದರು. ಆರ್ಮಾದ ಶಾಲೆಯೊಂದರಲ್ಲಿ ಅವರೂ ಪಾಠ ಹೇಳುತ್ತಿದ್ದರು. ಮಾರ್ಚ್ 2ರಂದು ನಿದ್ದೆಯಲ್ಲೇ ಹೃದಯ ನಿಂತಿತು; ಯಾರ ಗಮನಕ್ಕೂ ಬಾರದಿದ್ದ ಹೃದಯದೋಷ, ವಯಸ್ಸು 24. ಅವರ ಹೆಸರಿನ ಟ್ರಸ್ಟ್ ಎಳೆಯರ ಹಠಾತ್ ಹೃದಯಸ್ತಂಭನದ ಬಗ್ಗೆ ಅರಿವು ಮೂಡಿಸುತ್ತಾ ಬಂದಿದೆ, ಕ್ಲಬ್ಬುಗಳಲ್ಲಿ ಡಿಫಿಬ್ರಿಲೇಟರ್ ಇಡಬೇಕೆಂಬ ಒತ್ತಾಯಕ್ಕೂ ಆ ಸಾವು ಬಲ ಕೊಟ್ಟಿತು. ಪ್ರಾರ್ಥನೆಯ ಜೊತೆಗೆ ಯಂತ್ರವೂ ಬೇಕು ಎಂಬುದರಲ್ಲಿ ನಂಬಿಕೆಗೆ ಅಪಚಾರವೇನಿಲ್ಲ.

2008ರಲ್ಲಿ ಸತತ ಮೂರನೆಯ ಪಟ್ಟಕ್ಕೆ ಹೊಂಚುಹಾಕಿದ್ದ ಕೆರ‍್ರಿಯನ್ನು ಟಿರೋನ್ ಮತ್ತೆ ಸೋಲಿಸಿತು. ಅಲ್ಲಿಗೆ ಹಾರ್ಟ್‌ರ ಆಟದ ಯಶಸ್ಸಿನ ಶಿಖರ. ಎರಡು ವರ್ಷ ಮೂರು ತಿಂಗಳ ಬಳಿಕ, 2011ರ ಜನವರಿ 10ರಂದು, ಮದುವೆಯಾದ ಹೊಸತರಲ್ಲಿ ಗಂಡನೊಂದಿಗೆ ಮಾರಿಷಸ್‌ಗೆ ಹೋಗಿದ್ದ ಅವರ ಮಗಳು ಹೋಟೆಲಿನ ಕೋಣೆಯಲ್ಲಿ ಕೊಲೆಯಾದಳು. ಆಕೆಯೂ ಶಿಕ್ಷಕಿ. 2012ರ ವಿಚಾರಣೆಯಲ್ಲಿ ಇಬ್ಬರು ಆರೋಪಿಗಳು ಖುಲಾಸೆಯಾದರು. ಈ ಕೊಲೆಗೆ ಯಾರಿಗೂ ಶಿಕ್ಷೆಯಾಗಿಲ್ಲ.

ಇಂಥ ಕಡೆ ಯೋಬನ ಗ್ರಂಥ ನೆನಪಾಗುವುದು ಸಹಜ. ನೀತಿವಂತನಾದ ಯೋಬ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಳ್ಳುತ್ತಾನೆ. ಸಮಾಧಾನ ಹೇಳಲು ಬಂದ ಗೆಳೆಯರು ಮೊದಲ ಏಳು ದಿನ ಮಾತಿಲ್ಲದೆ ಜೊತೆಗೆ ಕೂರುತ್ತಾರೆ; ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕಾರಣ ಹುಡುಕುತ್ತಾರೆ, ಯಾವುದೋ ಪಾಪದ ಫಲವಿರಬೇಕೆನ್ನುತ್ತಾರೆ. ಕೊನೆಗೆ ದೇವರು ಗದರಿಸುವುದು ಆ ಗೆಳೆಯರನ್ನು, ತನ್ನನ್ನೇ ಪ್ರಶ್ನಿಸಿದ ಯೋಬನ ಮಾತನ್ನು ಎತ್ತಿಹಿಡಿಯುತ್ತಾನೆ. ಕಥೆಯ ಮುಕ್ತಾಯದಲ್ಲಿ ಯೋಬನ ಕುರಿ, ಒಂಟೆ, ಎತ್ತು, ಕತ್ತೆಗಳು ಇಮ್ಮಡಿಯಾಗಿ ಮರಳುತ್ತವೆ. ಮಕ್ಕಳು ಮಾತ್ರ ಮೊದಲಿದ್ದಷ್ಟೇ: ಏಳು ಗಂಡು, ಮೂರು ಹೆಣ್ಣು. ಈ ಲೆಕ್ಕವನ್ನು ವ್ಯಾಖ್ಯಾನಕಾರರು ಬಗೆಬಗೆಯಾಗಿ ಬಿಡಿಸಿದ್ದಾರೆ. ಸತ್ತ ಹತ್ತು ಮಕ್ಕಳು ದೇವರ ಬಳಿ ಇನ್ನೂ ಇದ್ದಾರೆ, ಆದ್ದರಿಂದ ಇಮ್ಮಡಿಯ ಲೆಕ್ಕ ತಪ್ಪಿಲ್ಲ ಎಂಬುದು ಕ್ರೈಸ್ತರ ಒಂದು ಹಳೆಯ ಓದು. ಹೊಸ ಮಕ್ಕಳು ಹಳೆಯ ಮಕ್ಕಳ ಜಾಗ ತುಂಬಲಾರರು ಎಂಬ ನೋವು ಆ ಓದಿನೊಳಗೂ ಉಳಿಯುತ್ತದೆ. ಪುನರುತ್ಥಾನದ ನಂಬಿಕೆ ಕಥೋಲಿಕರಿಗೆ ಕೊಡುವುದು ಭರವಸೆ. ಇಂದಿನ ಶೂನ್ಯವನ್ನು ಅದು ಇಲ್ಲವೆನ್ನುವುದಿಲ್ಲ.

ಪ್ರಾರ್ಥನೆ ಫಲಕ್ಕಾಗಿ ಹೂಡುವ ಬಂಡವಾಳವಾಗಿದ್ದರೆ 2011ರಲ್ಲಿ ಹಾರ್ಟ್‌ರ ನಂಬಿಕೆ ದಿವಾಳಿಯಾಗಬೇಕಿತ್ತು. ಹಾಗಾಗಲಿಲ್ಲ. ಅವರು ಚರ್ಚನ್ನೂ ಬಿಡಲಿಲ್ಲ, ತಂಡವನ್ನೂ ಬಿಡಲಿಲ್ಲ. ಆ ವರ್ಷದ ಚಾಂಪಿಯನ್‌ಷಿಪ್‌ನಲ್ಲೂ ಟಿರೋನ್‌ನ ಮ್ಯಾನೇಜರ್ ಆಗಿ ಮೈದಾನದ ಅಂಚಿನಲ್ಲಿ ನಿಂತರು. ದಿನಾ ಜಪಸರ ಹಿಡಿದ ಕೈಗೆ ಅದನ್ನು ಹಿಡಿಯುವುದು ಶೋಕದಲ್ಲೂ ಗೊತ್ತಿರುತ್ತದೆ, ಮನಸ್ಸಿಗೆ ಅರ್ಥ ಸಿಗದ ದಿನಗಳಲ್ಲೂ. ಲೆಕ್ಕ ಬಿಡಿಸಲಾಗದೆಯೂ ಕೂತಿದ್ದ ಹುಡುಗನ ಗಮನ ಎಂದೋ ಒದಗಿಬರುತ್ತದೆ ಎಂದು ವೇಯ್ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ಆದರೆ ನಂಬಿಕೆ ಮನುಷ್ಯನ ಗಾಯವನ್ನು ನುಣುಪು ಮಾಡಿಬಿಡುತ್ತದೆ ಎಂದುಕೊಳ್ಳಬಾರದು. ಆ ನಂತರದ ಹಲವು ವರ್ಷ ಹಾರ್ಟ್ ಐರ್ಲೆಂಡಿನ ರಾಷ್ಟ್ರೀಯ ಪ್ರಸಾರ ಸಂಸ್ಥೆಯ ನಡವಳಿಕೆಯಿಂದ ನೊಂದು ಅದರೊಂದಿಗೆ ಮಾತನಾಡಲಿಲ್ಲ, ಸಂದರ್ಶನ ಕೊಡಲಿಲ್ಲ. ಕ್ಷಮೆಯನ್ನು ಬೋಧಿಸುವ ಧರ್ಮದವರು ಹೀಗೆ ಮಾಡಬಹುದೇ ಎಂದು ಕೇಳಿದವರಿದ್ದರು. ಕ್ಷಮೆ ಎಂದರೆ ನೋವನ್ನು ಇಲ್ಲವೆನ್ನುವುದಲ್ಲ. ಮಾತು ಬೇಡವೆನಿಸಿದಾಗ ಸುಮ್ಮನಿರುವ ಹಕ್ಕು ದುಃಖಿತ ತಂದೆಗಿದೆ. ಎಷ್ಟು ಕಾಲ ಎಂಬುದನ್ನು ಹೊರಗಿನವರು ಅಳೆಯಲಾರರು.

ಇನ್ನೊಂದು ಪ್ರಶ್ನೆ ಆಟಗಾರರ ಕಡೆಯಿಂದ ಏಳುತ್ತದೆ. ಪಂದ್ಯದ ದಿನ ತಂಡವೆಲ್ಲ ಬಲಿಪೂಜೆಗೆ ಹೋಗುವುದು ಗೇಲಿಕ್ ಆಟಗಳಲ್ಲಿ ಹಳೆಯ ರೂಢಿ. ಹದಿನೈದರ ಬಳಗದಲ್ಲಿ ನಂಬಿಕೆ ಸಡಿಲಾದವನೋ ಬೇರೆ ಧರ್ಮದವನೋ ಇದ್ದರೆ? ತಂಡದ ಆಯ್ಕೆ ಮಾಡುವವರೇ ಪ್ರಾರ್ಥನೆಗೂ ಕರೆದಾಗ ಬಾರೆನೆನ್ನಲು ಹುಡುಗನಿಗೆ ಧೈರ್ಯ ಬರುವುದು ಕಷ್ಟ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ತನ್ನ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ನಂಬಿಕೆ ಸ್ವತಂತ್ರ ಒಪ್ಪಿಗೆಯಿಂದಲೇ ಹುಟ್ಟಬೇಕು, ಯಾರನ್ನೂ ಅದಕ್ಕೆ ಬಲವಂತಪಡಿಸಬಾರದು ಎಂದಿತು. ಬಲವಂತ ಗದರಿಕೆಯ ರೂಪದಲ್ಲೇ ಬರಬೇಕಿಲ್ಲ, ಗೌರವದ ರೂಪದಲ್ಲೂ ಬರುತ್ತದೆ. ಶ್ರದ್ಧೆಯುಳ್ಳ ಮೇಷ್ಟರಿಗೆ ಈ ಎಚ್ಚರ ಇತರರಿಗಿಂತ ಹೆಚ್ಚಾಗಿ ಬೇಕು. ಉತ್ತರದ ಕೌಂಟಿಗಳಲ್ಲಿ ಇದಕ್ಕೆ ರಾಜಕೀಯದ ಭಾರವೂ ಇದೆ. ಬ್ರಿಟಿಷ್ ಸೇನೆಯವರಿಗೂ ಉತ್ತರ ಐರ್ಲೆಂಡಿನ ಪೊಲೀಸರಿಗೂ ಸದಸ್ಯತ್ವ ನಿರಾಕರಿಸುತ್ತಿದ್ದ 21ನೆಯ ನಿಯಮವನ್ನು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ರದ್ದುಮಾಡಿದ್ದು 2001ರಲ್ಲಷ್ಟೇ. ಬಾಗಿಲು ತೆರೆದ ಮನೆಯೊಳಗೆ ಹೊಸಬನಿಗೆ ತನ್ನದೆನಿಸುವ ಮೂಲೆಯೂ ಇರಬೇಕು. ನಾಡಿನ ಗಾಳಿಯೂ ಬದಲಾಗಿತ್ತು. 2018ರಲ್ಲಿ ಐರಿಷ್ ಗಣರಾಜ್ಯ ಗರ್ಭಪಾತದ ಬಗ್ಗೆ ಜನಮತ ಕೇಳಿದಾಗ ಹಾರ್ಟ್ ಸಂವಿಧಾನದ ನಿಷೇಧ ಉಳಿಯಲಿ ಎಂದು ಬಹಿರಂಗವಾಗಿ ನಿಂತರು. ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದನ್ನು ತೆಗೆಯಲು ಒಪ್ಪಿದರು. ಕ್ರೋಕ್ ಪಾರ್ಕ್‌ನಲ್ಲಿ ಕೂತವರೆಲ್ಲ ಒಂದೇ ಪ್ರಾರ್ಥನೆಯವರು ಎಂದು ಯಾರೂ ಹೇಳಲಾಗದ ಕಾಲ ಅದು.

2020ರ ನವೆಂಬರ್‌ನಲ್ಲಿ, 18 ಋತುಗಳ ಬಳಿಕ, ಹಾರ್ಟ್ ಟಿರೋನ್ ತೊರೆದರು. ಆರು ಅಲ್ಸ್ಟರ್ ಪಟ್ಟಗಳು, ಮೂರು ಅಖಿಲ ಐರ್ಲೆಂಡ್ ಪಟ್ಟಗಳು ಅವರ ಲೆಕ್ಕದಲ್ಲಿದ್ದವು. ಮರುವರ್ಷ ಅವರ ಕಾಲದ ಆಟಗಾರರೇ ಹೆಚ್ಚಾಗಿದ್ದ ಟಿರೋನ್ ಬೇರೆ ಮ್ಯಾನೇಜರ್‌ಗಳ ಕೆಳಗೆ ಮತ್ತೆ ಪಟ್ಟ ಗೆದ್ದಿತು. ಹಾರ್ಟ್ ಹೋದದ್ದು ಲೌತ್ ಎಂಬ ಸಣ್ಣ ಕೌಂಟಿಗೆ, ಲೀಗಿನ ಕಟ್ಟಕಡೆಯ ವಿಭಾಗಕ್ಕೆ. ಎರಡು ವರ್ಷಗಳಲ್ಲಿ ತಂಡ ಎರಡು ಮೆಟ್ಟಿಲು ಏರಿತು, 2023ರಲ್ಲಿ ಲೆನ್‌ಸ್ಟರ್ ಪ್ರಾಂತ್ಯದ ಫೈನಲ್ ತಲುಪಿ ಡಬ್ಲಿನ್ ಎದುರು ಭಾರೀ ಅಂತರದಿಂದ ಸೋತಿತು. ಲೌತ್ ತಂಡದೊಂದಿಗಿನ ಆ ಮೂರು ವರ್ಷದ ದುಡಿಮೆಯನ್ನು ಅವರ ಮೂರು ಪಟ್ಟಗಳಿಗಿಂತ ಕೆಳಗಿಡಲು ಕಾರಣವಿಲ್ಲ. ಆಮೇಲೆ ಅವರು ಟಿರೋನ್‌ನ ನೆರೆಯ ಎದುರಾಳಿ ಡೆರಿಗೆ ಹೋದಾಗ ಊರಿನಲ್ಲಿ ಹಲವರಿಗೆ ನೋವಾಯಿತು. 2024ರಲ್ಲಿ ಡೆರಿ ಡಬ್ಲಿನ್ನನ್ನು ಪೆನಾಲ್ಟಿಗಳಲ್ಲಿ ಮಣಿಸಿ ಲೀಗ್ ಪಟ್ಟ ಗೆದ್ದಿತು, ಆದರೆ ಬೇಸಿಗೆಯ ಚಾಂಪಿಯನ್‌ಷಿಪ್‌ನಲ್ಲಿ ಕುಸಿಯಿತು. ಒಂದೇ ವರ್ಷದಲ್ಲಿ ಆ ನಂಟು ಮುಗಿಯಿತು. 2025ರಲ್ಲಿ ಆಫಲಿ ಕೌಂಟಿಯ ತಂಡವನ್ನು ಡೆಕ್ಲನ್ ಕೆಲಿ ಜೊತೆ ಸೇರಿ ನಡೆಸಿದರು. ತಂಡ ಮೂರನೆಯ ವಿಭಾಗದ ಪಟ್ಟ ಗೆದ್ದು ಎರಡನೆಯ ವಿಭಾಗಕ್ಕೆ ಏರಿತು.